ಇಳಿಜಾರಿನಲ್ಲಿ ಹಬ್ಬಿರುವ ಬಳ್ಳಿಯನ್ನು ಒಮ್ಮೆಲೇ ಕಿತ್ತುಹಾಕಬಹುದೇ?

ಪ್ರಶ್ನೆ: ತೋಟದ ಇಳಿಜಾರಿನ ತುಂಬ ಹಳದಿ ಹೂವಿನ ವೆಡೇಲಿಯಾ ಹಬ್ಬಿಕೊಂಡಿದೆ. ಅದನ್ನೆಲ್ಲ ಅಗೆದು ತೆಗೆದು ಬೇರೆ ಗಿಡಗಳನ್ನು ನೆಡಬೇಕೆಂದಿದ್ದೇನೆ. ಇದು ಸರಿಯೇ?

ಉತ್ತರ: ತೆಗೆಯುವುದು ಸರಿ, ಒಮ್ಮೆಲೇ ತೆಗೆಯುವುದು ಸರಿಯಲ್ಲ. ನಿಮಗೆ ಬೇಡವಾದ ಆ ಬಳ್ಳಿಯೇ ಈಗ ಮಳೆಹನಿಯ ಹೊಡೆತವನ್ನು ಎಲೆಗಳ ಮೇಲೆ ತಡೆದು, ಮೇಲ್ಮಣ್ಣನ್ನು ಬೇರುಗಳಿಂದ ಹಿಡಿದಿಟ್ಟಿದೆ. ಇಡೀ ಇಳಿಜಾರನ್ನು ಬೋಳು ಮಾಡಿದರೆ ಒಂದೇ ಜೋರು ಮಳೆಗೆ ಕೊರಕಲು ಬೀಳಬಹುದು. ಆದ್ದರಿಂದ ಒಂದು ವಾರದಲ್ಲಿ ಮತ್ತೆ ಮುಚ್ಚಲು ಸಾಧ್ಯವಾಗುವಷ್ಟು ನೆಲವನ್ನು ಮಾತ್ರ, ಅದೂ ಮಳೆಯಿಲ್ಲದ ದಿನಗಳಲ್ಲಿ, ತೆರೆಯಿರಿ.

ಇಳಿಜಾರಿಗೆ ಅಡ್ಡಲಾಗಿ ಸುಮಾರು 1 ಮೀಟರ್ ಅಗಲದ ಪಟ್ಟಿಗಳನ್ನು ಗುರುತಿಸಿಕೊಂಡು ಮೇಲಿನಿಂದ ಕೆಲಸ ಆರಂಭಿಸಿದರೆ, ಸಡಿಲಗೊಂಡು ಉರುಳುವ ಮಣ್ಣನ್ನು ಕೆಳಗಿನ ಪಟ್ಟಿಯಲ್ಲಿ ಇನ್ನೂ ನಿಂತಿರುವ ಬಳ್ಳಿ ತಡೆಯುತ್ತದೆ. ಅದೇ ಬಳ್ಳಿ ತೆರವಾದ ಜಾಗಕ್ಕೆ ಮತ್ತೆ ನುಗ್ಗುವುದರಿಂದ ಎರಡು ವಾರಕ್ಕೊಮ್ಮೆ ಪಟ್ಟಿಯ ಅಂಚನ್ನು ಸನಿಕೆಯಿಂದ ಕಡಿಯಬೇಕು.

ವೆಡೇಲಿಯಾ ನೆಲಕ್ಕೆ ತಾಗಿದ ಗೆಣ್ಣುಗಳಲ್ಲೆಲ್ಲ ಬೇರು ಬಿಡುತ್ತದೆ. ಗೆಣ್ಣಿರುವ ಒಂದು ತುಂಡು ಉಳಿದರೂ ಚಿಗುರುತ್ತದೆ. ಹಿಂದಿನ ದಿನ ನೆಲವನ್ನು ಹದವಾಗಿ ನೆನೆಸಿ, ಬಳ್ಳಿಯನ್ನು ಚಾಪೆಯಂತೆ ಸುರುಳಿ ಸುತ್ತುತ್ತ ಮೇಲೆತ್ತಿ, ಉಳಿದ ಬೇರುಗಳನ್ನು ಕೈಕವೆಯಿಂದ ಬಿಡಿಸಿ. ಮಣ್ಣನ್ನು ಆಳವಾಗಿ ಅಗೆಯುವ ಅಗತ್ಯವಿಲ್ಲ. ಗರಿಕೆ, ಕೊನ್ನಾರಿಗಳು ಬೆರೆತಿದ್ದರೆ ಮಾತ್ರ ಈ ಕ್ರಮ ಸಾಲದು, ಏಕೆಂದರೆ ಅವುಗಳ ನೆಲದಡಿಯ ಕಾಂಡ, ಗಡ್ಡೆಗಳನ್ನು ಅಗೆದಷ್ಟೂ ಅವು ತುಂಡಾಗಿ ಹರಡುತ್ತವೆ.

ಕಳೆನಾಶಕದ ಬಗ್ಗೆಯೂ ಹೇಳಬೇಕು. ಗ್ಲೈಫೊಸೇಟ್ ಎಲೆಯಿಂದ ಬೇರಿಗಿಳಿದು ಗಿಡವನ್ನು ಒಣಗಿಸುತ್ತದೆ, ಸತ್ತ ಬೇರು ಕೆಲಕಾಲ ಮಣ್ಣನ್ನು ಹಿಡಿದಿರುತ್ತದೆ. ಇಳಿಜಾರಿನ ಮಟ್ಟಿಗೆ ಇದು ನಿಜವಾದ ಅನುಕೂಲ. ಆದರೆ ಕೆಳಗೆ ಬಾವಿಯೋ ಕೆರೆಯೋ ಇದ್ದರೆ ನಾನಂತೂ ಅದನ್ನು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸುವುದೂ ಇಲ್ಲಿ ನನಗೆ ಒಪ್ಪಿಗೆಯಿಲ್ಲ, ಹಾಳೆಯ ಮೇಲೆ ಜಾರಿದ ನೀರೆಲ್ಲ ಕೆಳಂಚಿನಲ್ಲಿ ಒಟ್ಟುಗೂಡಿ ಮಣ್ಣನ್ನು ಕೊರೆಯುತ್ತದೆ.

ತೆರವಾದ ಪಟ್ಟಿಗೆ ತೆಂಗಿನ ನಾರಿನ ಅಥವಾ ಸೆಣಬಿನ ಬಲೆಯನ್ನು ಹಾಸಿ ಗೂಟ ಹೊಡೆಯಿರಿ. ರಟ್ಟು ಹಾಸುವುದಾದರೆ ಮಾಡಿನ ಹೆಂಚಿನಂತೆ ಮೇಲಿನ ರಟ್ಟಿನ ತುದಿ ಕೆಳಗಿನದರ ಮೇಲೆ ಬರಲಿ. ಕೆಲವು ವಾರ ಕಾದು, ಮರುಚಿಗುರುಗಳನ್ನು ಕಿತ್ತ ಮೇಲೆಯೇ ಬಲೆಯನ್ನು ಅಷ್ಟಷ್ಟೇ ಕತ್ತರಿಸಿ ಒಂದು ಸಾಲಿನ ಗುಳಿ ಮೇಲಿನ ಸಾಲಿನ ಎರಡು ಗುಳಿಗಳ ನಡುವೆ ಬರುವಂತೆ ಗುಳಿ ತೆಗೆದು ನೆಡಿ. ಪ್ರತಿ ಗುಳಿಯ ಕೆಳಬದಿಗೆ ಅರ್ಧಚಂದ್ರಾಕಾರದ ಪುಟ್ಟ ಬದು ಇದ್ದರೆ ನೀರು ನಿಂತು ಇಂಗುತ್ತದೆ. ಕಿತ್ತ ಬಳ್ಳಿಯನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬೇಡಿ; ಕಲ್ಲುಹಾಸಿನ ಮೇಲೆ ಗರಿಗರಿಯಾಗುವಷ್ಟು ಒಣಗಿದ ಮೇಲೆ ಹಾಕಬಹುದು.