ಇವೆಯೋ, ಇವೆಯಂತೆಯೋ?

ಯಾವುದಾದರೂ ದೇಶದ ನಾಯಕ ಯುದ್ಧದ ಮಾತಾಡಿದ ದಿನ ನಮ್ಮ ಡೆಸ್ಕ್‌ನಲ್ಲಿ ತಯಾರಾಗುವ ಕಾಪಿಯಲ್ಲಿ ಒಂದೇ ತಪ್ಪು ಇರುತ್ತದೆ. ಇಪ್ಪತ್ತೈದು ವರ್ಷದಿಂದ ಅದೇ ತಪ್ಪು. ಹೊಸ ಹುಡುಗರು ‘ದುಷ್ಟಕೂಟ’ದಂಥ ಗುಡುಗಿನ ಮಾತನ್ನೆಲ್ಲ ಜೋಪಾನವಾಗಿ ಕನ್ನಡಕ್ಕೆ ತರುತ್ತಾರೆ. ಒಳ್ಳೆಯ ಪದ ಹುಡುಕುತ್ತಾ ಅರ್ಧ ಗಂಟೆ ಕೂರುತ್ತಾರೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಸುಸ್ತು. ಮೂಲದಲ್ಲಿ ‘ಇರಬಹುದು’ ಎಂದಿದ್ದದ್ದನ್ನು ‘ಇದೆ’ ಎಂದು ಮುಗಿಸಿ ಟೀ ಕುಡಿಯಲು ಎದ್ದು ಹೋಗುತ್ತಾರೆ.

ಬೈದರೆ, ‘ಒಂದು ಕ್ರಿಯಾಪದ ತಾನೇ ಸರ್’ ಅನ್ನುತ್ತಾರೆ.

ಹುಡುಗರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ನಾನೂ ಅದನ್ನೇ ಮಾಡಿದವನು. 2003ರ ಫೆಬ್ರುವರಿ 5. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್, ಇರಾಕ್ ನಿಷೇಧಿತ ಅಸ್ತ್ರ ಬಚ್ಚಿಟ್ಟಿದೆ ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಮಾತಾಡುತ್ತಿದ್ದರು. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ, ನಮಗೆ ರಾತ್ರಿ ಒಂಬತ್ತು ದಾಟಿತ್ತು. ಭಾಷಣ ಒಂದೂಕಾಲು ಗಂಟೆ. ಮೊದಲ ಆವೃತ್ತಿಯ ಪುಟ ಹೋಗುವ ಹೊತ್ತು. ಪೊವೆಲ್ ಒಂದು ಪುಟ್ಟ ಶೀಶೆ ಎತ್ತಿ ಹಿಡಿದರು. ಇಡೀ ಡೆಸ್ಕ್ ಟಿವಿ ಮುಂದೆ ನಿಂತಿತು. ಒಂದು ಟೀ ಚಮಚದಷ್ಟು ಆಂಥ್ರಾಕ್ಸ್ ಎಂಬ ಮಾರಕ ರೋಗಾಣುವಿನ ಪುಡಿ ಅಂದರೆ ಎಷ್ಟು ಅಂತ ತೋರಿಸಲು ಹಿಡಿದ ಶೀಶೆ ಅದು. ಇರಾಕ್‌ನಿಂದ ತಂದದ್ದೇನೂ ಅಲ್ಲ. ಆದರೆ ನಮ್ಮಲ್ಲಿ ಅರ್ಧ ಜನ ‘ಸಿಕ್ಕೇಬಿಡ್ತು’ ಅಂದುಕೊಂಡೆವು.

ನಾನು ಬರೆದ ಹೆಡ್‌ಲೈನ್: ‘ಇರಾಕ್ ಬಳಿ ಜೈವಿಕ, ರಾಸಾಯನಿಕ ಅಸ್ತ್ರಗಳಿವೆ: ಪೊವೆಲ್’. ಆಗ ನಮ್ಮಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು ಪ್ರೂಫ್ ನೋಡುತ್ತಿದ್ದರು. ನಾವೆಲ್ಲ ರಾಯರು ಅಂತಿದ್ದೆವು. ಪ್ರೂಫ್ ಹಿಡಿದುಕೊಂಡು ನನ್ನ ಮೇಜಿಗೇ ಬಂದರು.

‘ತಮ್ಮಾ, ನೀ ಕಣ್ಣಾರೆ ಕಂಡಿಯೇನು?’

‘ಇಲ್ಲ ರಾಯರೇ.’

‘ಈ ಪೊವೆಲ್ ಸಾಹೇಬ್ರು ಕಂಡಾರೇನು?’

‘ಅವರ ಹತ್ರ ಸಾಕ್ಷಿ ಇದೆಯಂತೆ.’

‘ನೋಡು, ನೀನ ಅಂದಿ, ಇದೆಯಂತೆ. ಮತ್ತ ಇಲ್ಲಿ ಇವೆ ಅಂತ ಹೆಂಗ ಬರದಿ?’

‘ಇವೆಯಂತೆ ಅಂತ ಹೆಡ್‌ಲೈನ್ ಕೊಟ್ಟರೆ ಜನ ನಗ್ತಾರೆ’ ಅಂದೆ. ‘ನಗಲಿ ಬಿಡು’ ಅಂದವರೇ ಪ್ರೂಫ್ ನನ್ನ ಮುಂದಿಟ್ಟು ಹೋದರು. ನಾನು ಬದಲಿಸಲಿಲ್ಲ. ಕಡೆಗೆ ‘ಪೊವೆಲ್’ ಅಂತ ಇದೆಯಲ್ಲ, ಹೊಣೆ ಅವರದ್ದು ಅಂತ ಸಮಾಧಾನ ಮಾಡಿಕೊಂಡೆ. ಮುಂದಿನ ಆವೃತ್ತಿಗೆ ಒಂದು ಜಾಹೀರಾತು ಬಂತು. ನಾಲ್ಕು ಕಾಲಂ ಸುದ್ದಿ ಎರಡು ಕಾಲಂ ಆಯಿತು. ಹೆಡ್‌ಲೈನ್ ಹಿಡಿಸಲಿಲ್ಲ. ಏನು ಬಿತ್ತು ಅಂತೀರಿ? ‘ಪೊವೆಲ್’ ಬಿತ್ತು. ಪತ್ರಿಕೆಯ ಹೆಸರು ಇಲ್ಲಿ ಬೇಡ. ಕತ್ತರಿಸಿದ ಕೈ ನನ್ನದೇ.

ರಾಯರ ಪ್ರಶ್ನೆ ಎಷ್ಟು ಸರಿ ಅಂತ ತಿಳಿಯಲು ನನಗೆ ವರ್ಷಗಳೇ ಹಿಡಿದವು. ಅಂದು ಪೊವೆಲ್ ತಮ್ಮ ಮಾತುಗಳು ಬರೀ ಹೇಳಿಕೆಗಳಲ್ಲ, ಗಟ್ಟಿ ಮಾಹಿತಿಯ ಮೇಲೆ ನಿಂತ ಸತ್ಯಗಳು ಅಂದಿದ್ದರು. ಲಾರಿಗಳ ಮೇಲೆ ಓಡಾಡುವ ಜೈವಿಕ ಅಸ್ತ್ರದ ಕಾರ್ಖಾನೆಗಳ ಚಿತ್ರ ತೋರಿಸಿದ್ದರು. ಫೋಟೊ ಅಲ್ಲ, ಬಿಡಿಸಿದ ಚಿತ್ರ. ಆ ಕತೆಯ ಮುಖ್ಯ ಮೂಲ ಜರ್ಮನಿಗೆ ಓಡಿ ಬಂದಿದ್ದ ಒಬ್ಬ ಇರಾಕಿ ಎಂಜಿನಿಯರ್. ಬೇಹುಗಾರರು ಅವನಿಗಿಟ್ಟ ಅಡ್ಡಹೆಸರು ‘ಕರ್ವ್‌ಬಾಲ್’. ಅವನನ್ನು ಪ್ರಶ್ನೆ ಮಾಡುತ್ತಿದ್ದವರು ಜರ್ಮನ್ ಬೇಹುಗಾರರು. ಅಮೆರಿಕಕ್ಕೆ ಸಿಗುತ್ತಿದ್ದದ್ದು ಅವರ ವರದಿ. ಅವನು ಜರ್ಮನರಿಗೆ ಹೇಳಿದನಂತೆ, ಜರ್ಮನರು ಅಮೆರಿಕದವರಿಗೆ ಹೇಳಿದರಂತೆ, ಅವರ ಕಡತ ಪೊವೆಲ್ ಕೈಗೆ ಬಂತಂತೆ. ಎಣಿಸಿ, ಮೂರು ‘ಅಂತೆ’. ಭಾಷಣಕ್ಕೆ ಬರುವ ಹೊತ್ತಿಗೆ ಮೂರೂ ಕರಗಿ ಒಂದು ‘ಇವೆ’ ಉಳಿದಿತ್ತು. 2011ರಲ್ಲಿ ಆ ಎಂಜಿನಿಯರ್ ಬ್ರಿಟನ್‌ನ ಪತ್ರಿಕೆಯೊಂದಕ್ಕೆ, ಕತೆ ಕಟ್ಟಿದ್ದೆ ಅಂತ ತಾನೇ ಒಪ್ಪಿಕೊಂಡ. ಅಂತೆ-ಕಂತೆ ಎಂದು ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ.

ಓದುಗರೂ ಇದೇ ಜಾಗದಲ್ಲಿ ಎಡವುತ್ತಾರೆ. ಸಭೆ ಸಮಾರಂಭಕ್ಕೆ ಹೋದರೆ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: ‘ಅಲ್ಲ ಸರ್, ಬುಷ್ ಸುಳ್ಳು ಹೇಳಿದ್ರಾ ಇಲ್ವಾ?’ ಆ ಪ್ರಶ್ನೆ ಹಿಡಿದು ಹೊರಟರೆ ಎಲ್ಲಿಗೂ ತಲುಪುವುದಿಲ್ಲ. ಒಬ್ಬರ ಮನಸ್ಸಿನಲ್ಲಿ ಏನಿತ್ತು ಅಂತ ನನಗೂ ಗೊತ್ತಾಗದು, ನಿಮಗೂ ಗೊತ್ತಾಗದು. ವಾಕ್ಯ ಕಣ್ಣೆದುರಿಗಿದೆ. ಅದನ್ನು ನೋಡೋಣ.

2003ರ ಜನವರಿ 28ರಂದು ಅಮೆರಿಕದ ಸಂಸತ್ತಿನ ಮುಂದೆ ಆಗಿನ ಅಧ್ಯಕ್ಷ ಬುಷ್ ಹೇಳಿದ ಒಂದು ವಾಕ್ಯವಿದೆ. ಇಂಗ್ಲಿಷ್‌ನಲ್ಲಿ ಹದಿನಾರೇ ಪದ. ಕನ್ನಡದಲ್ಲಿ ಹೀಗಾಗುತ್ತದೆ: ‘ಸದ್ದಾಂ ಹುಸೇನ್ ಇತ್ತೀಚೆಗೆ ಆಫ್ರಿಕಾದಿಂದ ಗಣನೀಯ ಪ್ರಮಾಣದ ಯುರೇನಿಯಂ ಪಡೆಯಲು ಯತ್ನಿಸಿದ್ದು ಬ್ರಿಟಿಷ್ ಸರ್ಕಾರಕ್ಕೆ ಗೊತ್ತಾಗಿದೆ.’ ಆ ‘ಗೊತ್ತಾಗಿದೆ’ಯ ಮೇಲೆ ಬೆರಳಿಡಿ. ‘ಪಕ್ಕದವರು ಮನೆ ಮಾರುತ್ತಾರೆ ಅಂತ ಶಾಂತಮ್ಮ ಹೇಳಿದರು’ ಅಂದರೆ ಅದು ಶಾಂತಮ್ಮನ ಮಾತು. ನಿಜ ಇರಬಹುದು, ಇಲ್ಲದಿರಬಹುದು. ‘ಪಕ್ಕದವರು ಮನೆ ಮಾರುವುದು ಶಾಂತಮ್ಮನಿಗೆ ಗೊತ್ತಾಯಿತು’ ಅಂದರೆ? ಮಾರುವುದು ನಿಜ ಅಂತ ನಾನೂ ಒಪ್ಪಿ ಹೇಳಿದ ಹಾಗೆ. ಸುಳ್ಳು ಯಾರಿಗೂ ‘ಗೊತ್ತಾಗುವುದಿಲ್ಲ’. ಸುಳ್ಳನ್ನು ನಂಬಬಹುದು, ಕೇಳಬಹುದು, ಗೊತ್ತುಮಾಡಿಕೊಳ್ಳಲು ಆಗುವುದಿಲ್ಲ. ಹೀಗೆ ಒಂದೇ ಪದದಲ್ಲಿ ವಿಷಯ ನಿಜವಾಯಿತು. ನಾಳೆ ಎಡವಟ್ಟಾದರೆ? ಹೇಗೂ ಅದು ಶಾಂತಮ್ಮನಿಗೆ ಗೊತ್ತಾದದ್ದು, ನನಗಲ್ಲ!

ಎಡವಟ್ಟು ಆಯಿತು. ಆಫ್ರಿಕಾದ ನೈಜರ್ ದೇಶದ ಯುರೇನಿಯಂ ಬಗ್ಗೆ ಅಮೆರಿಕ ಒದಗಿಸಿದ್ದ ಕಾಗದಪತ್ರಗಳು ಅಸಲಿ ಅಲ್ಲ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮದ್ ಎಲ್‌ಬರದೈ ಮಾರ್ಚ್ 7ರಂದು ಭದ್ರತಾ ಮಂಡಳಿಗೆ ತಿಳಿಸಿದರು. ಹದಿಮೂರನೇ ದಿನ ಯುದ್ಧ ಶುರುವಾಯಿತು. ಆ ವಾಕ್ಯ ಭಾಷಣದಲ್ಲಿ ಇರಬಾರದಿತ್ತು ಎಂದು ಶ್ವೇತಭವನ ಒಪ್ಪಿದ್ದು ಜುಲೈನಲ್ಲಿ.

ಅಮೆರಿಕದ ಗುಪ್ತಚರರ ಪರವಾಗಿ ಒಂದು ಮಾತು. ಅವರ ಅಂದಾಜೂ ತಪ್ಪಿತ್ತು, ನಿಜ. ಆದರೆ 2002ರ ಅಕ್ಟೋಬರ್‌ನ ಗೋಪ್ಯ ವರದಿಯಲ್ಲಿ ಅನೇಕ ಕಡೆ ‘ನಮ್ಮ ಅಂದಾಜಿನಲ್ಲಿ’ ಎಂದಿತ್ತು. ಕೆಲವು ಇಲಾಖೆಗಳ ಭಿನ್ನಮತವೂ ದಾಖಲಾಗಿತ್ತು. ಜನರಿಗೆಂದು ಬಿಡುಗಡೆ ಮಾಡಿದ ಆವೃತ್ತಿಯಲ್ಲಿ ಅಂಥ ‘ನಮ್ಮ ಅಂದಾಜಿನಲ್ಲಿ’ಗಳು ಉದುರಿಹೋಗಿದ್ದವು. ಇದನ್ನು 2004ರಲ್ಲಿ ಸೆನೆಟ್ ಸಮಿತಿಯೇ ಎತ್ತಿ ತೋರಿಸಿತು. ಅದನ್ನು ಓದಿದಾಗ ನನಗೆ ನಮ್ಮ ಎರಡು ಕಾಲಂ ಹೆಡ್‌ಲೈನ್ ನೆನಪಾಯಿತು. ಜಾಗ ಸಾಲದಾಗ ಮೊದಲು ಬೀಳುವುದು ಯಾವಾಗಲೂ ಇದೇ.

ಲಂಡನ್‌ನಲ್ಲಿ ಇನ್ನೊಂದು ಬಗೆ. ಇರಾಕ್‌ನ ಅಸ್ತ್ರಗಳ ಬಗ್ಗೆ ಬ್ರಿಟಿಷ್ ಸರ್ಕಾರ 2002ರ ಸೆಪ್ಟೆಂಬರ್ 24ರಂದು ಹೊರತಂದ ಕಡತಕ್ಕೆ ಪ್ರಧಾನಿ ಟೋನಿ ಬ್ಲೇರ್ ಮುನ್ನುಡಿ ಬರೆದರು. ಆದೇಶ ಬಂದ 45 ನಿಮಿಷದೊಳಗೆ ಇರಾಕ್‌ನ ಕೆಲವು ಅಸ್ತ್ರಗಳು ಸಜ್ಜಾಗುತ್ತವೆ ಎಂದಿತ್ತು. ಯಾವ ಅಸ್ತ್ರ? ಎಷ್ಟು ದೂರ ಹೋಗುತ್ತದೆ? ಅದು ಮಾತ್ರ ಇಲ್ಲ. ಕೆಲವು ಪತ್ರಿಕೆಗಳು ಬ್ರಿಟಿಷರೇ 45 ನಿಮಿಷದಲ್ಲಿ ಸಾಯುತ್ತಾರೇನೋ ಅನ್ನುವಂತೆ ಬರೆದವು. ಅದು ರಣರಂಗದಲ್ಲಿ ಬಳಸುವ ಸಣ್ಣ ವ್ಯಾಪ್ತಿಯ ಮದ್ದುಗುಂಡಿನ ಮಾತಾಗಿತ್ತು. ಸಂಸತ್ತಿನಲ್ಲಿ ಯುದ್ಧದ ಮತದಾನ ನಡೆದಾಗ ಆ ವಿಷಯ ತನಗೆ ಗೊತ್ತಿರಲಿಲ್ಲ ಎಂದು ಬ್ಲೇರ್ 2004ರ ಫೆಬ್ರುವರಿಯಲ್ಲಿ ಹೇಳಿದರು. ಇರಾಕ್ ಯುದ್ಧದಲ್ಲಿ ಬ್ರಿಟನ್ ಪಾತ್ರದ ತನಿಖೆ ಮಾಡಿ 2016ರಲ್ಲಿ ಬಂದ ಚಿಲ್ಕಾಟ್ ವರದಿ ಹೇಳಿದ್ದನ್ನು ನಮ್ಮ ಡೆಸ್ಕ್ ಭಾಷೆಗೆ ಇಳಿಸಿದರೆ ಇಷ್ಟು: ಅಪಾಯ ಎಷ್ಟು ದೊಡ್ಡದು ಎಂಬುದನ್ನು, ಇರಬಾರದಷ್ಟು ಖಚಿತವಾಗಿ ಹೇಳಿದರು.

ನನಗೆ ಇಷ್ಟವಾದವರು ಮಾತ್ರ ಬ್ಲೇರ್ ಸಂಪುಟದಲ್ಲಿದ್ದ ರಾಬಿನ್ ಕುಕ್. ಯುದ್ಧ ವಿರೋಧಿಸಿ 2003ರ ಮಾರ್ಚ್ 17ರಂದು ಮಂತ್ರಿಗಿರಿ ಬಿಟ್ಟರು. ಆ ಭಾಷಣದಲ್ಲೂ ‘ಇರಾಕ್ ಬಳಿ ಸಾಮೂಹಿಕ ವಿನಾಶದ ಅಸ್ತ್ರ ಇಲ್ಲ’ ಅಂತ ಗುಡುಗಲಿಲ್ಲ. ‘ಬಹುಶಃ ಇಲ್ಲ’ ಅಂದರು. ಕುರ್ಚಿ ಬಿಟ್ಟು ಹೋಗುವಾಗಲೂ ‘ಬಹುಶಃ’ ಬಿಡಲಿಲ್ಲ ಆ ಮನುಷ್ಯ.

ಇದೆಲ್ಲ ಬುಷ್ ಕಾಲದ ಕಾಯಿಲೆ ಅಂದುಕೊಳ್ಳಬೇಡಿ. 1964ರ ಆಗಸ್ಟ್ 4ರ ರಾತ್ರಿ ವಿಯೆಟ್ನಾಂ ತೀರದ ಟೊಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ಎರಡನೇ ಬಾರಿ ದಾಳಿಯಾಯಿತು ಅಂತ ಅಮೆರಿಕ ಹೇಳಿತು. ಸ್ಥಳದಲ್ಲಿದ್ದ ಕ್ಯಾಪ್ಟನ್ ಜಾನ್ ಹೆರಿಕ್ ಆಮೇಲೆ ಕಳಿಸಿದ ಸಂದೇಶದಲ್ಲೇ ಅನುಮಾನ ಇತ್ತು: ಹವಾಮಾನದಿಂದ ರೇಡಾರ್ ಮೋಸ ಮಾಡಿರಬಹುದು, ನೀರಿನಡಿಯ ಸದ್ದು ಹಿಡಿಯುವ ಸೋನಾರ್ ಕೇಳುತ್ತಿದ್ದವರು ಅತಿ ಉತ್ಸಾಹದಲ್ಲಿ ಇದ್ದಿರಬಹುದು, ಮುಂದಿನ ಹೆಜ್ಜೆಗೆ ಮೊದಲು ಪೂರ್ತಿ ಪರಿಶೀಲಿಸಿ. ಅದೇ ರಾತ್ರಿ ಅಧ್ಯಕ್ಷ ಜಾನ್ಸನ್ ಟಿವಿಗೆ ಬಂದು ದಾಳಿ ‘ನಡೆದಿದೆ’ ಅಂದರು. ಮೂರನೇ ದಿನ ಸಂಸತ್ತು ವಿಯೆಟ್ನಾಂನಲ್ಲಿ ಯುದ್ಧ ಮಾಡುವ ಅಧಿಕಾರವನ್ನು ಅವರ ಕೈಗೆ ಕೊಟ್ಟಿತು. ಕೆಳಮನೆಯಲ್ಲಿ 416 ಪರ, ಸೊನ್ನೆ ವಿರೋಧ. ಸೆನೆಟ್‌ನಲ್ಲಿ ಇಬ್ಬರು ಮಾತ್ರ ಬೇಡ ಅಂದರು. ಎರಡನೇ ದಾಳಿ ನಡೆದೇ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಹೇಳಬೇಕು. ನಾನು ಸೈನಿಕನಲ್ಲ, ರಾಜತಾಂತ್ರಿಕನಲ್ಲ. ಯಾವ ಯುದ್ಧ ಸರಿ ಅನ್ನುವುದು ನನ್ನ ಮೇಜಿನ ಕೆಲಸವಲ್ಲ. ಖಚಿತವಾಗಿ ಮಾತಾಡಿದವರೆಲ್ಲ ಮೋಸಗಾರರು ಅಂತಲೂ ಅಲ್ಲ. 2022ರ ಫೆಬ್ರುವರಿ 18ರಂದು ಅಮೆರಿಕದ ಆಗಿನ ಅಧ್ಯಕ್ಷ ಬೈಡನ್, ಪುಟಿನ್ ಉಕ್ರೇನ್ ಮೇಲೆ ದಾಳಿಯ ನಿರ್ಧಾರ ಮಾಡಿಯಾಗಿದೆ ಎಂಬುದು ತನಗೆ ಮನವರಿಕೆಯಾಗಿದೆ ಅಂದಾಗ ನಾನು ಡೆಸ್ಕ್‌ನಲ್ಲಿ ಜೋರಾಗಿ ನಕ್ಕಿದ್ದೆ. ‘ಮತ್ತೆ ಅದೇ ರಾಗ’ ಅಂತ ಸುದ್ದಿಯನ್ನು ಒಳಪುಟಕ್ಕೆ ತಳ್ಳಿದೆ. ಆರನೇ ದಿನ ರಷ್ಯಾ ಉಕ್ರೇನ್‌ಗೆ ನುಗ್ಗಿತು. ಆ ದಿನ ನನ್ನ ಹುಡುಗರು ಮುಖ ಮುಖ ನೋಡಿಕೊಂಡರು, ಪಾಪ, ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅನುಮಾನವನ್ನೂ ಕಣ್ಣು ಮುಚ್ಚಿಕೊಂಡು ಪಡಬಹುದು ಅಂತ ಅವತ್ತು ಗೊತ್ತಾಯಿತು. ‘ಗೊತ್ತಾಯಿತು’ ಎಂದು ಯೋಚಿಸಿಯೇ ಬರೆದಿದ್ದೇನೆ.

ಇರಾಕ್ ಸುದ್ದಿಯ ಕೊನೆಯ ಕಂತನ್ನೂ ನಾನೇ ಮಾಡಿದೆ. 2004ರ ಅಕ್ಟೋಬರ್ 6. ಅಸ್ತ್ರ ಹುಡುಕಲು ಅಮೆರಿಕವೇ ಕಳಿಸಿದ್ದ ತಂಡದ ಮುಖ್ಯಸ್ಥ ಚಾರ್ಲ್ಸ್ ಡ್ಯುಲ್ಫರ್ ಸೆನೆಟ್ ಮುಂದೆ ಹಾಜರಾಗಿ ವರದಿ ಕೊಟ್ಟರು. ಯುದ್ಧ ಶುರುವಾದಾಗ ಇರಾಕ್ ಬಳಿ ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲ. ಒಮ್ಮೆ ಕೈಸುಟ್ಟುಕೊಂಡವನಲ್ವಾ, ಈ ಸಲ ಭಾರಿ ಹುಷಾರಾಗಿ ಹೆಡ್‌ಲೈನ್ ಕೊಟ್ಟೆ: ‘ಇರಾಕ್‌ನಲ್ಲಿ ಅಸ್ತ್ರ ಇರಲಿಲ್ಲ ಎನ್ನಲಾಗಿದೆ’.

ರಾಯರು ಆಗಲೇ ನಿವೃತ್ತರಾಗಿ ಊರು ಸೇರಿದ್ದರು. ಮರುದಿನ ಬೆಳಿಗ್ಗೆ ನಾನಿನ್ನೂ ಮಲಗಿದ್ದೆ, ಲ್ಯಾಂಡ್‌ಲೈನ್ ಬಡಿದುಕೊಂಡಿತು.

‘ಸಾವಿರಕ್ಕ ಮ್ಯಾಲ ಮಂದಿ ಹೋಗಿ ಅಗದು ಬಗದು ನೋಡ್ಯಾರ. ಇನ್ನೂ ಏನೋ ತಮ್ಮಾ ನಿಂದು ಎನ್ನಲಾಗಿದೆ? ಇರಲಿಲ್ಲ ಅಂತ ಬರಿ.’

ಹೂಂ ಅಂದೆ.

‘ಮತ್ತ ಅದನ್ನ ಒಂಬತ್ತನೇ ಪುಟದಾಗ ಯಾಕ ಹಾಕಿದ್ರಿ?’

ಮೊದಲ ಪುಟದಲ್ಲಿ ಜಾಹೀರಾತು ಜಾಸ್ತಿ ಇತ್ತು ರಾಯರೇ, ಅಂದೆ.