ಕೆನ್ನೆತ್ ಆರ್ನಾಲ್ಡ್ ಕಂಡದ್ದು, ಸೇನೆ ಬರೆದಿಟ್ಟದ್ದು

1947ರ ಜೂನ್ 24ರ ಮಧ್ಯಾಹ್ನ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ, ಕಾಣೆಯಾಗಿದ್ದ ಸೇನಾ ಸಾಗಣೆ ವಿಮಾನವೊಂದರ ಅವಶೇಷ ಹುಡುಕುತ್ತ ತಮ್ಮ ಪುಟ್ಟ ವಿಮಾನದಲ್ಲಿ ಹಾರುತ್ತಿದ್ದ ವ್ಯಾಪಾರಿ ಕೆನ್ನೆತ್ ಆರ್ನಾಲ್ಡ್ ಅವರ ಕಣ್ಣಿಗೆ ಫಳಕ್ಕನೆ ಬೆಳಕೊಂದು ಹೊಡೆಯಿತು. ದೂರದಲ್ಲಿ ಒಂಬತ್ತು ವಸ್ತುಗಳು ಸಾಲಾಗಿ ದಕ್ಷಿಣಕ್ಕೆ ಸಾಗುತ್ತಿದ್ದವು. ಗಾಜಿನ ಪ್ರತಿಫಲನವಿರಬಹುದೆಂದು ಅವರು ಕಿಟಕಿಯನ್ನೇ ತೆರೆದು ನೋಡಿದರು. ಅವು ರೇನಿಯರ್‌ನಿಂದ ಆಡಮ್ಸ್ ಪರ್ವತದವರೆಗೆ ಸಾಗಲು ಹಿಡಿದ ಹೊತ್ತನ್ನು ಗಡಿಯಾರದಲ್ಲಿ ಅಳೆದರು: 1 ನಿಮಿಷ 42 ಸೆಕೆಂಡು. ಲೆಕ್ಕ ಹಾಕಿದರೆ ವೇಗ ಗಂಟೆಗೆ ಸುಮಾರು 1,700 ಮೈಲಿಯಾಗುತ್ತಿತ್ತು. ಅತಿಯಾಯಿತೆನಿಸಿ ಅದನ್ನು ಅವರೇ 1,200ಕ್ಕೆ ಇಳಿಸಿದರು.

ನೀರಿನ ಮೇಲೆ ಬೀಸಿ ಎಸೆದ ತಟ್ಟೆ ಪುಟಿಯುವಂತೆ ಅವು ಚಲಿಸಿದವೆಂದು ಅವರು ಕೊಟ್ಟ ಹೋಲಿಕೆಯಿಂದಲೇ 'ಹಾರುವ ತಟ್ಟೆ' ಎಂಬ ಮಾತು ಪತ್ರಿಕೆಗಳಲ್ಲಿ ಹುಟ್ಟಿಕೊಂಡಿತು. ಸೇನೆಗೆ ಮಾತ್ರ ಚಿಂತೆ ಬೇರೆಯದಾಗಿತ್ತು: ಸೋವಿಯತ್ ಒಕ್ಕೂಟ ಹೊಸ ವಿಮಾನವನ್ನೇನಾದರೂ ಕಟ್ಟಿದೆಯೇ? ಜುಲೈಯಲ್ಲಿ ಲೆಫ್ಟಿನೆಂಟ್ ಫ್ರಾಂಕ್ ಬ್ರೌನ್ ಮತ್ತು ಕ್ಯಾಪ್ಟನ್ ವಿಲಿಯಂ ಡೇವಿಡ್‌ಸನ್ ಎಂಬ ಗುಪ್ತಚರ ಅಧಿಕಾರಿಗಳು ಬಾಯ್ಸಿ ನಗರಕ್ಕೆ ಹೋಗಿ ಆರ್ನಾಲ್ಡ್ ಅವರನ್ನು ಎದುರು ಕೂರಿಸಿಕೊಂಡು ಕೇಳಿದರು. ಆರ್ನಾಲ್ಡ್ ತಾವು ಹೇಳಿದ್ದನ್ನು ನಿಜವಾಗಿಯೂ ಕಂಡಿದ್ದಾರೆ ಎಂಬುದು ತನ್ನ ಸ್ವಂತ ಅಭಿಪ್ರಾಯ ಎಂದು ಬ್ರೌನ್ ವರದಿಯಲ್ಲಿ ಬರೆದರು. ಆ ಇಬ್ಬರೂ ಆಗಸ್ಟ್ 1ರಂದು, ಟಕೋಮಾದಲ್ಲಿ ಇಂಥದೇ ಇನ್ನೊಂದು ವರದಿಯ ವಿಚಾರಣೆ ಮುಗಿಸಿ ಮರಳುವಾಗ, ಬಿ-25 ವಿಮಾನ ಬಿದ್ದು ತೀರಿಕೊಂಡರು.

1948ರಲ್ಲಿ ಇಂಥ ವರದಿಗಳಿಗಾಗಿ ಅಮೆರಿಕದ ವಾಯುಪಡೆಯ 'ಸೈನ್' ಎಂಬ ತನಿಖಾ ಯೋಜನೆ ಆರಂಭವಾದಾಗ ಖಗೋಳ ವಿಜ್ಞಾನಿ ಅಲೆನ್ ಹೈನೆಕ್ ಈ ಕಡತವನ್ನು ಪರಿಶೀಲಿಸಿದರು. ಅವರ ಆಕ್ಷೇಪ ಪ್ರಾಮಾಣಿಕವಾದದ್ದು, ಲೆಕ್ಕದಿಂದ ಬಂದದ್ದು. ವಸ್ತುಗಳು 20-25 ಮೈಲಿ ದೂರದಲ್ಲಿದ್ದು, ಉದ್ದ ಸುಮಾರು 50 ಅಡಿ ಇದ್ದಿದ್ದರೆ, ಅದು ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 65 ಮೀಟರ್ ಆಚೆಯಿಂದ ನೋಡಿದಂತೆ. ಇದೆ ಎಂದು ಕಂಡೀತು, ಆದರೆ ಅದರ ಅಂಚಿನ ಆಕಾರವನ್ನು ಕಣ್ಣು ಹಿಡಿಯುವುದು ಕಷ್ಟ. ಹಾಗಾದರೆ ಅವು ಬಹಳ ಹತ್ತಿರದಲ್ಲೇ ಇದ್ದಿರಬೇಕು. ಹತ್ತಿರವಿದ್ದರೆ ವೇಗವೂ ಸಾಮಾನ್ಯ ವಿಮಾನದ ವೇಗಕ್ಕೆ ಇಳಿಯುತ್ತದೆ. ದೂರವನ್ನು ಅಂದಾಜಿಸಿದ್ದರಲ್ಲಿ ತಪ್ಪಾಗಿದೆ ಎನ್ನುವುದು ಸಾಕ್ಷಿಯನ್ನು ಸುಳ್ಳುಗಾರ ಎಂದಂತಲ್ಲ. ಈ ಭೇದವನ್ನು ಹೈನೆಕ್ ಉಳಿಸಿಕೊಂಡರೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಮುಂದೆ ಅದು ಉಳಿಯಲಿಲ್ಲ. 1949ರಲ್ಲಿ ಯೋಜನೆಯ ಹೆಸರು 'ಗ್ರಜ್' ಆಯಿತು, ಒಲವು ವದಂತಿಯನ್ನು ತಣಿಸುವ ಕಡೆಗೆ ತಿರುಗಿತು. 1952ರಲ್ಲಿ ಅದರ ಜಾಗಕ್ಕೆ ಬಂದ 'ಬ್ಲೂ ಬುಕ್' ಯೋಜನೆ 1969ರವರೆಗೆ ನಡೆಯಿತು. ಒಟ್ಟು 12,618 ವರದಿಗಳಲ್ಲಿ 701ನ್ನು 'ಗುರುತಿಸಲಾಗದವು' ಎಂದು ಬಿಡಲಾಯಿತು. ಆರ್ನಾಲ್ಡ್ ಪ್ರಕರಣ ಆ 701ರಲ್ಲಿಲ್ಲ. ಅದರ ಮುಂದೆ ಬರೆದ ನಿರ್ಣಯ 'ಮರೀಚಿಕೆ'. ಹೈನೆಕ್ ಲೆಕ್ಕ ತೋರಿಸಿದ್ದು ವಿಮಾನದ ಕಡೆಗೆ, ಕಡತ ಮುಚ್ಚಿದ್ದು ಬಿಸಿಗಾಳಿಯ ಆಟದ ಮೇಲೆ. ಈ ಎರಡೂ ಒಟ್ಟಿಗೆ ನಿಜವಾಗಲಾರವು.

ಹತ್ತಿರ ಕೂತು ಕೇಳಿದ ಅಧಿಕಾರಿಯ ಬರಹವೂ, ದೂರದ ಕಚೇರಿಯ ಮೇಜಿನಿಂದ ಬಂದ ಆ ಒಂದು ಪದವೂ ಇಂದು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಯಾರು ಬೇಕಾದರೂ ಓದಬಹುದಾದ ಕಾಗದಗಳಾಗಿ ಉಳಿದಿವೆ.