ಬೆಳಕನ್ನು ಮರಳಿಸುವ ಗೋಡೆ, ಸದ್ದನ್ನು ನುಂಗುವ ಕಂಬಳಿ

ಬೆಂಗಳೂರಿನ ಹನುಮಂತನಗರದ ಒಂದು 30-40 ಸೈಟಿನ ಮನೆಯಲ್ಲಿ, ಮೊದಲ ಮಹಡಿಯಲ್ಲಿ ನಮ್ಮ ಬಾಡಿಗೆ ವಾಸ. ಉದ್ದ, ಅಗಲ, ಎತ್ತರ ಮೂರೂ ಹತ್ತಡಿಯಿರುವ ಕೋಣೆಯೇ ನನ್ನ ಆಫೀಸು. ಪಕ್ಕದ ಮನೆಯ ಗೋಡೆ ಕೈಚಾಚಿದರೆ ಸಿಗುತ್ತದೆ. ಪಶ್ಚಿಮಕ್ಕೆ ರಸ್ತೆಯಿದೆ, ಇರುವ ಒಂದೇ ಕಿಟಕಿ ಆ ಕಡೆಗೆ. ಗೋಡೆಗೆ ಹಿಂದಿನವರು ಬಳಿಸಿದ್ದ ಗಾಢ ನೀಲಿ. ನಡುಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕಬೇಕಿತ್ತು. ಮೀಟಿಂಗಿನಲ್ಲಿ ಬಾಯಿ ಬಿಟ್ಟರೆ, "ಬಾವಿಯೊಳಗಿಂದ ಮಾತಾಡಿದ ಹಾಗಿದೆ" ಅನ್ನುತ್ತಿದ್ದರು. ಒಳ್ಳೆಯ ಮೈಕು, ಇನ್ನೊಂದು ದೀಪ, ಹೊಸ ಮೇಜು ಎಂದು ಪಟ್ಟಿ ಮಾಡುತ್ತಿದ್ದೆ.

ಅಷ್ಟರಲ್ಲಿ ಊರಿಂದ ನೆಂಟರು ಬಂದು ನಾಲ್ಕು ದಿನ ಇದ್ದು ಹೋದರು. ಮಳೆ ಹಿಡಿದಿತ್ತು. ಹಾಸಿಗೆ, ರಜಾಯಿ, ಕಂಬಳಿಗಳನ್ನೆಲ್ಲ ಅಮ್ಮ ನನ್ನ ಕೋಣೆಯಲ್ಲೇ ಒಟ್ಟಿದಳು. ಅಂದು ಸಹೋದ್ಯೋಗಿಯೊಬ್ಬರು ಕೇಳಿದರು: "ಹೊಸ ಮೈಕಾ? ಧ್ವನಿ ಎಷ್ಟು ಚೆನ್ನಾಗಿ ಕೇಳಿಸ್ತಿದೆ!"

ಮೆತ್ತನೆಯ ವಸ್ತುಗಳು ಸದ್ದನ್ನು ನುಂಗುವ ಇದೇ ಸಂಗತಿಯನ್ನು 1895ರಲ್ಲಿ ಲೆಕ್ಕಕ್ಕೆ ಹಿಡಿಯಲು ಹೊರಟವರು ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಅಧ್ಯಾಪಕ ವಾಲೇಸ್ ಸಬೈನ್. ಅಲ್ಲಿನ ಹೊಸ ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಸುತ್ತುತ್ತಲೇ ಇರುತ್ತಿತ್ತು, ಕೇಳುವವರಿಗೆ ಏನೂ ತಿಳಿಯುತ್ತಿರಲಿಲ್ಲ. ಸಬೈನ್ ಅಲ್ಲಿನ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು ಕೋಣೆಯಲ್ಲಿ ಹರಡಿದರು. ಊರು ಮಲಗಿದ ಮೇಲೆ ಆರ್ಗನ್ ಕೊಳವೆಯನ್ನು ನುಡಿಸಿ, ಸದ್ದು ಅಡಗುವವರೆಗಿನ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಅಳೆದರು. ಮೆತ್ತೆ ಹೆಚ್ಚಿದಂತೆಲ್ಲ ಅನುರಣನದ, ಅಂದರೆ ಸದ್ದು ಸುತ್ತುತ್ತ ಉಳಿಯುವ, ಅವಧಿ ಕುಗ್ಗುತ್ತಿತ್ತು. ಸದ್ದಿನ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾದ ಹೊತ್ತನ್ನು ಲೆಕ್ಕಹಾಕಲು ಇಂದಿಗೂ ಅವರ ಸೂತ್ರವನ್ನೇ ಬಳಸುತ್ತಾರೆ.

ನನ್ನ ಕೋಣೆಗೆ ಆ ಲೆಕ್ಕ ಹಾಕಿ ನೋಡಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹತ್ತಡಿಯ ಕೋಣೆಯಲ್ಲಿ ಅದು ಗೋಡೆಯಿಂದ ಗೋಡೆಗೆ ಸರಾಸರಿ ಎರಡು ಮೀಟರ್ ಸಾಗುವುದರಿಂದ, ಒಂದು ಸೆಕೆಂಡಿನಲ್ಲಿ ಗೋಡೆ, ನೆಲ, ಛಾವಣಿಗಳಿಗೆ ಸುಮಾರು 170 ಸಲ ಬಡಿಯುತ್ತದೆ. ಗಾರೆ ಮಾಡಿದ ಗೋಡೆ ಪ್ರತಿ ಸಲ ನುಂಗುವುದು ನೂರಕ್ಕೆ ಬರೀ ಎರಡು ಮೂರು ಪಾಲು, ಉಳಿದ 97 ಪಾಲನ್ನು ಹಾಗೇ ವಾಪಸ್ ಕಳಿಸುತ್ತದೆ. ಹೀಗಾಗಿ ಬರಿದಾದ ಕೋಣೆಯಲ್ಲಿ ಅನುರಣನ ಎರಡೂವರೆ ಸೆಕೆಂಡನ್ನೂ ಮೀರುತ್ತದೆ. ಹೊಸ ಮೈಕು ತಂದಿದ್ದರೆ ಅದು ಆ ಪ್ರತಿಧ್ವನಿಯನ್ನೇ ಇನ್ನಷ್ಟು ಸ್ಪಷ್ಟವಾಗಿ ಹಿಡಿಯುತ್ತಿತ್ತು.

ನಾನು ತಂದದ್ದು ಒಂದು ಜಮಖಾನೆ, ಚಿಕ್ಕಪೇಟೆಯಲ್ಲಿ ಕೊಂಡ ದಪ್ಪ ಪರದೆ. ಜೊತೆಗೆ ಅಮ್ಮನ ಹಳೆಯ ಕರಿ ಕಂಬಳಿ. ಕುರಿಯ ಉಣ್ಣೆಯ ಎಳೆಗಳ ನಡುವೆ ಗಾಳಿ ನುಸುಳಿ ಆಡುವಾಗ ಉಜ್ಜಾಟದಲ್ಲಿ ಸದ್ದಿನ ಶಕ್ತಿ ಬಿಸಿಯಾಗಿ ಕರಗಿಹೋಗುತ್ತದೆ. ಹಾಗೆಂದು ಕಂಬಳಿಯನ್ನು ಗೋಡೆಗೆ ಅಂಟಿಸಿದಂತೆ ಮೊಳೆ ಹೊಡೆದರೆ ಅರ್ಧ ಪ್ರಯೋಜನ ಹೋಯಿತು. ಗಟ್ಟಿ ಗೋಡೆಗೆ ತಾಗಿದಲ್ಲಿ ಗಾಳಿ ಹಿಂದೆ ಮುಂದೆ ಕದಲಲಾರದು. ಗೋಡೆಯಿಂದ ತರಂಗದೂರದ (ಸದ್ದಿನ ಒಂದು ಅಲೆಯ ಉದ್ದದ) ಕಾಲು ಭಾಗ ಆಚೆಗೆ ಅದರ ಓಡಾಟ ಅತಿ ಹೆಚ್ಚು. ಸೆಕೆಂಡಿಗೆ 1,000 ಕಂಪನಗಳ ಸ್ವರಕ್ಕೆ ಆ ದೂರ ಸುಮಾರು ಎಂಟೂವರೆ ಸೆಂಟಿಮೀಟರ್, ಅಂದರೆ ನಾಲ್ಕು ಬೆರಳಿಗಿಂತ ತುಸು ಹೆಚ್ಚು. ಅಷ್ಟು ಜಾಗ ಬಿಟ್ಟು ಒಂದು ಬಿದಿರ ಗಳಕ್ಕೆ ಕಂಬಳಿಯನ್ನು ಇಳಿಬಿಟ್ಟೆ. ರಸ್ತೆಯ ಹಾರನ್ ಸದ್ದು ಇದರಿಂದ ನಿಲ್ಲುವುದಿಲ್ಲ. ಅದಕ್ಕೆ ಕಿಟಕಿಯ ಸಂದು ಮುಚ್ಚಬೇಕು.

ಬೆಳಕಿನದೂ ಇದೇ ಲೆಕ್ಕ, ಬೇಕಾಗುವುದು ಮಾತ್ರ ತದ್ವಿರುದ್ಧ. ಒಳ್ಳೆಯ ಬಿಳಿ ಬಣ್ಣ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲು ಮರಳಿಸುತ್ತದೆ. ಆ 80 ಎದುರಿನ ಗೋಡೆಗೆ ಬಿದ್ದು 64 ಆಗಿ, ಮತ್ತೆ 51 ಆಗಿ ಬರುತ್ತದೆ. ಕೂಡುತ್ತ ಹೋದರೆ 100 ಪಾಲು ಬೆಳಕು 500ರಷ್ಟು ಕೆಲಸ ಮಾಡುತ್ತದೆ. 30 ಪಾಲು ಮಾತ್ರ ಮರಳಿಸುವ ಗಾಢ ಗೋಡೆಯಲ್ಲಿ 30, 9, 3 ಎಂದು ಕರಗಿ, ಮೊತ್ತ 143ಕ್ಕೆ ನಿಂತುಬಿಡುತ್ತದೆ. ನೆಲ, ಕಪಾಟು, ಕಿಟಕಿಗಳೂ ಬೆಳಕನ್ನು ಕಬಳಿಸುವುದರಿಂದ ನಿಜವಾದ ಕೋಣೆಯಲ್ಲಿ ಅಂತರ ಇಷ್ಟಿರದು. ಆದರೂ ಬಿಳಿ ಬಳಿದ ಮೇಲೆ ಅದೇ ಟ್ಯೂಬ್‌ಲೈಟಿನಲ್ಲಿ ಮೊದಲು ಕಾಣದಿದ್ದ ಮೂಲೆಗಳು ಕಂಡವು. ಮನೆ ಮಾಲೀಕರನ್ನು ಕೇಳಿ, ಪ್ರೈಮರ್ ಒಂದು ಕೋಟು, ಬಿಳಿ ಎಮಲ್ಷನ್ ಎರಡು ಕೋಟು ನಾನೇ ಬಳಿದೆ. ಮಿರುಗುವ ಬಣ್ಣ ಬೇಡ, ಮ್ಯಾಟ್ ಇರಲಿ. ಮಿರುಗುವ ಗೋಡೆ ಕನ್ನಡಿಯಂತೆ ದೀಪವನ್ನು ಒಂದೇ ಕಡೆಗೆ ತಿರುಗಿಸಿ ಕಣ್ಣಿಗೋ ಸ್ಕ್ರೀನಿಗೋ ಚುಚ್ಚುತ್ತದೆ. ಮ್ಯಾಟ್ ಗೋಡೆ ಎಲ್ಲ ಕಡೆಗೂ ಚೆದುರಿಸುತ್ತದೆ.

ಕಿಟಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳದು ಎಂದು ಓದಿರುತ್ತೇವೆ. ಅದು ನಮಗಿಂತ ಬಹಳ ಉತ್ತರಕ್ಕಿರುವ ದೇಶಗಳಿಗೆ ಹೊಂದುವ ಮಾತು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದು, ಆಗಸ್ಟ್ ನಡುವಿಗೆ ಮರಳುತ್ತಾನೆ. ಆ ತಿಂಗಳುಗಳಲ್ಲಿ ನಡುಹಗಲಿನ ಬಿಸಿಲು ಬರುವುದೂ ಉತ್ತರದಿಂದಲೇ. ನನ್ನದು ಪಶ್ಚಿಮದ ಕಿಟಕಿ, ಸಂಜೆಯ ಓರೆ ಬಿಸಿಲನ್ನು ಸಜ್ಜಾ ತಡೆಯದು. ಒಳಗಿನ ಪರದೆಗೆ ಬಿಸಿಲು ತಾಗುವಷ್ಟರಲ್ಲಿ ಅದು ಗಾಜನ್ನು ದಾಟಿ ಆಗಿರುತ್ತದೆ, ಕಾದ ಪರದೆ ಸೂಸುವ ಶಾಖ ಮಾತ್ರ ಕೋಣೆಯೊಳಗೇ ಉಳಿಯುತ್ತದೆ. ಅದಕ್ಕೇ ಕಿಟಕಿಯ ಹೊರಗಡೆ ಬಿದಿರಿನ ಪರದೆ ಕಟ್ಟಿದೆ. ಮೇಜು ಹಳೆಯದೇ, ಕಿಟಕಿ ಎಡಗಡೆ ಬರುವಂತೆ ತಿರುಗಿಸಿದೆ ಅಷ್ಟೆ. ಕಿಟಕಿ ಎದುರಿಗಿದ್ದರೆ ಹೊರಗಿನ ಪ್ರಖರತೆಗೂ ಸ್ಕ್ರೀನಿಗೂ ಕಣ್ಣು ಪದೇಪದೇ ಹೊಂದಿಕೊಳ್ಳಬೇಕು. ಬೆನ್ನಿಗಿದ್ದರೆ ಸ್ಕ್ರೀನಿನ ಮೇಲೆಲ್ಲ ಅದರ ಬಿಂಬ.

ಒಟ್ಟು ಖರ್ಚು 6,000 ರೂಪಾಯಿಯೊಳಗೆ ಮುಗಿಯಿತು. ಈಗಲೂ ತಿಂಗಳಿಗೊಮ್ಮೆ ಅಮ್ಮ ಕಂಬಳಿಯನ್ನು ಬಿಸಿಲಿಗೆ ಹಾಕಲು ತಾರಸಿಗೆ ಒಯ್ಯುತ್ತಾಳೆ. ಆಗ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟುತ್ತೇನೆ. ಖಾಲಿ ಗೋಡೆಯಿಂದ ಟಣ್ಣನೆ ಕೇಳುತ್ತದೆ, ಸಂಜೆ ಕಂಬಳಿ ಇಳಿದು ಬರುವವರೆಗೆ.